ಎಸ್.ಪಿ. ರಸ್ತೆಯ ಐಆರ್ ಕ್ಯಾಮೆರಾ, ವೆಬ್ ದೂರದರ್ಶಕದ ಐಆರ್ ಕ್ಯಾಮೆರಾ

ಪ್ರಶ್ನೆ: ಬನಶಂಕರಿಯ ನಮ್ಮ ಮನೆಯ ಗೇಟಿಗೆ ಹಾಕಲು ಎಸ್.ಪಿ. ರಸ್ತೆಯಿಂದ ಎರಡು ಸಾವಿರ ರೂಪಾಯಿಗೆ ಒಂದು ಸಿಸಿಟಿವಿ ಕ್ಯಾಮೆರಾ ತಂದೆ. ಡಬ್ಬಿಯ ಮೇಲೆ ‘ಇನ್‌ಫ್ರಾರೆಡ್’ ಎಂದು ಬರೆದಿದೆ. ಅದನ್ನು ನೋಡಿದ ಎಂಟನೇ ತರಗತಿಯ ಮೊಮ್ಮಗಳು, “ತಾತ, ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ್ದೂ ಇನ್‌ಫ್ರಾರೆಡ್ ಕ್ಯಾಮೆರಾವೇ. ಅದಕ್ಕೆ ಯಾಕೆ ಸಾವಿರ ಕೋಟಿ ಡಾಲರ್?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಬಾಹ್ಯಾಕಾಶವೇ ಅಷ್ಟು ತಣ್ಣಗಿರುವಾಗ ಕ್ಯಾಮೆರಾವನ್ನು ಮತ್ತೆ ತಂಪು ಮಾಡುವುದೇಕೆ? ಆ ಚಿತ್ರಗಳ ಬಣ್ಣ ನಿಜವೇ? ನಾನು ತಂದ ಕ್ಯಾಮೆರಾವನ್ನು ತಾರಸಿಯಲ್ಲಿರುವ ನಮ್ಮ ಪುಟ್ಟ ದೂರದರ್ಶಕಕ್ಕೆ ಜೋಡಿಸಬಹುದೇ?

ಉತ್ತರ: ಮೊದಲು ಮೊಮ್ಮಗಳ ಕೈಗೆ ಟಿವಿ ರಿಮೋಟ್ ಕೊಡಿ. ನಿಮ್ಮ ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರ ಎದುರು ಹಿಡಿದು ಯಾವುದಾದರೂ ಗುಂಡಿ ಒತ್ತಲು ಹೇಳಿ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಮೊಬೈಲ್ ಪರದೆಯ ಮೇಲೆ ಮಾತ್ರ ನೇರಳೆ ಛಾಯೆಯ ಒಂದು ಚುಕ್ಕೆ ಮಿಣುಕುತ್ತದೆ. ಅದು ಸುಮಾರು 0.94 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತರಂಗಾಂತರದ ಅವಗೆಂಪು ಬೆಳಕು. (ಡಬ್ಬಿಯ ಮೇಲಿನ ‘ಇನ್‌ಫ್ರಾರೆಡ್’ ಅನ್ನು ಅಂಗಡಿಯವರು ಚಿಕ್ಕದಾಗಿ ಐಆರ್ ಎನ್ನುತ್ತಾರೆ, ಶಾಲೆಯ ಪುಸ್ತಕ ಅವಗೆಂಪು ಅಥವಾ ಅವಕೆಂಪು ಎನ್ನುತ್ತದೆ. ಎಲ್ಲವೂ ಒಂದೇ.) ನಿಮ್ಮ ಮೊಬೈಲಿನಲ್ಲಿರುವ ಸಿಲಿಕಾನ್ ಸಂವೇದಕಕ್ಕೆ ಅಷ್ಟು ದೂರದವರೆಗೆ ಕಣ್ಣು ಹೋಗುತ್ತದೆ. ಗೇಟಿನ ಕ್ಯಾಮೆರಾದ ಗುಟ್ಟೂ ಇಷ್ಟೇ. ಮಸೂರದ ಸುತ್ತ ಉಂಗುರದಂತೆ ಜೋಡಿಸಿದ ಪುಟ್ಟ ಎಲ್‌ಇಡಿಗಳು ಅವಗೆಂಪು ಬೆಳಕನ್ನು ಬೀರುತ್ತವೆ, ಗೇಟಿನ ಬಳಿ ಬಂದ ಬೆಕ್ಕಿಗೆ ತಾಗಿ ಮರಳಿದ ಬೆಳಕನ್ನು ಸಿಲಿಕಾನ್ ಹಿಡಿಯುತ್ತದೆ. ಹೇಳಬೇಕೆಂದರೆ ಅದೊಂದು ಕಣ್ಣಿಗೆ ಕಾಣದ ಟಾರ್ಚು. ಬೆಕ್ಕಿನ ಮೈಬಿಸಿ ಅದಕ್ಕೆ ಕಾಣುವುದೇ ಇಲ್ಲ.

ಗೊಂದಲ ಹುಟ್ಟುವುದು ಹೆಸರಿನಿಂದ. ನಮ್ಮ ಕಣ್ಣಿಗೆ ಕಾಣುವ ಬೆಳಕು 0.4ರಿಂದ 0.7 ಮೈಕ್ರಾನ್‌ವರೆಗೆ, ಸಂಗೀತದ ಲೆಕ್ಕದಲ್ಲಿ ಒಂದು ಸ್ಥಾಯಿಯೂ (ತರಂಗಾಂತರ ಇಮ್ಮಡಿಯಾದರೆ ಒಂದು ಸ್ಥಾಯಿ) ತುಂಬುವುದಿಲ್ಲ. ಅವಗೆಂಪು ಅಲ್ಲಿಂದ ಶುರುವಾಗಿ ಸಾವಿರ ಮೈಕ್ರಾನ್‌ವರೆಗೆ, ಅಂದರೆ ಹತ್ತು ಸ್ಥಾಯಿಗೂ ಮೀರಿ ಹಬ್ಬಿದೆ. ನಿಮ್ಮ ಸಿಸಿಟಿವಿ ಈ ಸಾಮ್ರಾಜ್ಯದ ಹೊಸಿಲಿನಲ್ಲೇ ನಿಂತಿದೆ. ಸಿಲಿಕಾನ್‌ನ ಒಳಗಿನ ಎಲೆಕ್ಟ್ರಾನ್ ಒಂದನ್ನು ಬಡಿದೆಬ್ಬಿಸಲು ಬೇಕಾದಷ್ಟು ಶಕ್ತಿ 1.1 ಮೈಕ್ರಾನ್ ಆಚೆಗಿನ ಬೆಳಕಿನ ಕಣಗಳಲ್ಲಿ ಇರುವುದಿಲ್ಲ. ಆ ಬೆಳಕಿಗೆ ಸಿಲಿಕಾನ್ ಬರೀ ಗಾಜಿನಂತೆ. ಅದರ ಮೂಲಕ ಹಾದು ಹೋಗಿಬಿಡುತ್ತದೆ.

2020ರಲ್ಲಿ ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನ ಗೇಟಿನಲ್ಲೂ ಹಣೆಗೆ ಗುರಿಯಿಟ್ಟ ಆ ಪಿಸ್ತೂಲಿನಂಥ ತಾಪಮಾಪಕ ನೆನಪಿದೆಯಲ್ಲ? ಅದು ಬೇರೆಯೇ ಜಾತಿಯ ಉಪಕರಣ. ನಮ್ಮ ದೇಹದ ಬಿಸಿ ಸುಮಾರು 310 ಕೆಲ್ವಿನ್ (ಅಂದರೆ 37 ಡಿಗ್ರಿ ಸೆಲ್ಸಿಯಸ್), ಅಷ್ಟು ಬಿಸಿಯ ವಸ್ತು ಅತಿ ಹೆಚ್ಚು ಬೆಳಕು ಸೂಸುವುದು 9 ಮೈಕ್ರಾನ್‌ಗಳ ಆಸುಪಾಸಿನಲ್ಲಿ. ಅಗ್ನಿಶಾಮಕ ದಳದವರು ಬಳಸುವ ಥರ್ಮಲ್ ಕ್ಯಾಮೆರಾ ನೋಡುವುದೂ ಅದನ್ನೇ. ಅಲ್ಲಿ ನಾವೇ ದೀಪಗಳು. ನೀವು, ನಿಮ್ಮ ಮೊಮ್ಮಗಳು, ಒಲೆಯ ಮೇಲಿನ ಸಾರು, ತಾರಸಿಯ ಸಿಮೆಂಟು, ಕೈಯಲ್ಲಿರುವ ಕ್ಯಾಮೆರಾ, ಎಲ್ಲವೂ ಹಗಲಿರುಳೂ ಬೆಳಗುತ್ತಲೇ ಇರುತ್ತವೆ. ಖಗೋಳ ಕ್ಯಾಮೆರಾದ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆ: ಅದು ತಾನೇ ಬೆಳಗುತ್ತದೆ.

ಮಲೆನಾಡಿನ ಕತ್ತಲಲ್ಲಿ ಕೈಯಲ್ಲೊಂದು ಪೆಟ್ರೋಮ್ಯಾಕ್ಸ್ ಹಿಡಿದು ಮಿಂಚುಹುಳ ಹುಡುಕಲು ಹೊರಟವರನ್ನು ಊಹಿಸಿಕೊಳ್ಳಿ. ಕೋಣೆಯ ಬಿಸಿಯಲ್ಲಿರುವ ದೂರದರ್ಶಕದಿಂದ 10 ಮೈಕ್ರಾನ್ ಬೆಳಕಿನಲ್ಲಿ ಆಕಾಶ ನೋಡುವುದು ಹಾಗೆಯೇ. ಕನ್ನಡಿ ಬೆಳಗುತ್ತದೆ, ಕೊಳವೆ ಬೆಳಗುತ್ತದೆ, ಕನ್ನಡಿಯನ್ನು ಹಿಡಿದ ತಿರುಪೂ ಬೆಳಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ, ಈ ಊರಿನದೇ ಒಂದು ಪ್ರಯೋಗಾಲಯದಲ್ಲಿ, ದ್ರವ ಸಾರಜನಕದಿಂದ ತಂಪು ಮಾಡಿದ ಸಂವೇದಕವೊಂದರ ಚಿತ್ರದ ಮೂಲೆಯಲ್ಲಿ ಮಸುಕಾದ ಒಂದು ಹೊಳಪು ಕಾಣಿಸಿತು. ಎರಡು ವಾರ ನಾವು ಬೈಯದ ಬಿಡಿಭಾಗವಿರಲಿಲ್ಲ. ಕೊನೆಗೆ ನೋಡಿದರೆ, ಒಳಗಿನ ಒಂದು ಲೋಹದ ಪಟ್ಟಿಗೆ ಕಪ್ಪು ಬಣ್ಣ ಬಳಿಯುವುದನ್ನು ಮರೆತಿದ್ದೆವು. ಆ ಪಟ್ಟಿಯಲ್ಲಿ ಸಂವೇದಕಕ್ಕೆ ಕಾಣುತ್ತಿದ್ದುದು ಕಿಟಕಿಯಾಚೆ ನಿಂತು ಇಣುಕುತ್ತಿದ್ದ ನಮ್ಮದೇ ಮುಖದ ಬಿಸಿ. ಅಂದಿನಿಂದ ನನಗೆ ಈ ಕ್ಯಾಮೆರಾಗಳ ವಿಷಯದಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅವು ಮೊದಲು ಶೀತಕಪೆಟ್ಟಿಗೆಗಳು, ಆಮೇಲೆ ಕ್ಯಾಮೆರಾಗಳು. ಸಾವಿರ ಕೋಟಿ ಡಾಲರಿನ ದೊಡ್ಡ ಪಾಲು ಆರೂವರೆ ಮೀಟರ್ ಅಗಲದ ಕನ್ನಡಿಗೂ, ಅದನ್ನು ಮಡಚಿ ಕಳಿಸಿ ದೂರದಲ್ಲಿ ಬಿಚ್ಚುವ ಸಾಹಸಕ್ಕೂ, ಆ ಇಡೀ ಸರಂಜಾಮನ್ನು ತಣ್ಣಗಿಡುವುದಕ್ಕೂ ಹೋಯಿತು. ಬೆಳಕು ಹಿಡಿಯುವ ಚಿಪ್ಪುಗಳು (ಚಿಪ್‌ಗಳು) ನಿಮ್ಮ ಅಂಗೈಯಲ್ಲಿ ಕೂರುತ್ತವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬಾಹ್ಯಾಕಾಶ ಮೈನಸ್ 270 ಡಿಗ್ರಿ ಎಂದು ಎಲ್ಲರೂ ಓದಿರುತ್ತೇವೆ. ಹಾಗಾದರೆ ಅಲ್ಲಿಟ್ಟದ್ದೆಲ್ಲ ತಾನಾಗಿಯೇ ಹೆಪ್ಪುಗಟ್ಟಬೇಕಲ್ಲವೇ? ನಿಮ್ಮ ಮನೆಯ ಕಾಫಿ ಫ್ಲಾಸ್ಕನ್ನು ಕೇಳಿ. ಅದರ ಎರಡು ಗೋಡೆಗಳ ನಡುವೆ ಇರುವುದು ನಿರ್ವಾತ. ಬೆಳಿಗ್ಗೆ ತುಂಬಿದ ಕಾಫಿ ಮಧ್ಯಾಹ್ನಕ್ಕೂ ಬಿಸಿಯಾಗಿರುವುದು ಆ ನಿರ್ವಾತದಿಂದ. ಬಾಹ್ಯಾಕಾಶವೂ ನಿರ್ವಾತವೇ. ಬಿಸಿಯನ್ನು ಹೊತ್ತೊಯ್ಯಲು ಅಲ್ಲಿ ಗಾಳಿಯಿಲ್ಲ. ವಸ್ತು ತನ್ನ ಬಿಸಿಯನ್ನು ಬೆಳಕಾಗಿ ಸೂಸಿಯೇ ಕಳೆದುಕೊಳ್ಳಬೇಕು. ಇತ್ತ ಸೂರ್ಯನ ಬಿಸಿಲು ಮಾತ್ರ ಎಡೆಬಿಡದೆ ಬೀಳುತ್ತಿರುತ್ತದೆ. ಭೂಮಿಯಷ್ಟು ದೂರದಲ್ಲಿ ಬಿಸಿಲಿಗೆ ಬಿಟ್ಟ ಸಾಧಾರಣ ಉಪಗ್ರಹ ಹೆಚ್ಚುಕಡಿಮೆ ನಮ್ಮ ಕೋಣೆಯ ಬಿಸಿಗೇ ಬಂದು ನಿಲ್ಲುತ್ತದೆ. ಜೊತೆಗೆ ಒಳಗಿನ ವಿದ್ಯುನ್ಮಾನ ಪೆಟ್ಟಿಗೆಗಳ ಕಾವು ಬೇರೆ.

ಅದಕ್ಕೇ ವೆಬ್‌ಗೆ ಬಿಸಿಲು ತಡೆಯುವ ಒಂದು ಕೊಡೆ. ಟೆನಿಸ್ ಅಂಗಣದಷ್ಟು ದೊಡ್ಡದು, ಐದು ಪದರ. ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆಗೆ ಅಲ್ಯುಮಿನಿಯಂ ಲೇಪಿಸಿದ್ದಾರೆ. ಸೂರ್ಯನ ಕಡೆಯ ಪದರ 0.05 ಮಿಲಿಮೀಟರ್ ದಪ್ಪ, ಉಳಿದ ನಾಲ್ಕು ಅದರ ಅರ್ಧ. ಐದು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಕಂಬಳಿ ಮಾಡಿದ್ದರೆ ಪ್ರಯೋಜನವಿರುತ್ತಿರಲಿಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ಮಾಡಿಗೂ ಕೋಣೆಗೂ ನಡುವೆ ಅಟ್ಟ ಬಿಡುತ್ತಿದ್ದರಲ್ಲ, ಹಾಗೆ ಇಲ್ಲಿ ಪದರಗಳ ನಡುವೆ ಅಂತರ ಬಿಟ್ಟಿದ್ದಾರೆ. ಆ ಅಂತರ ನಡುವಿನಲ್ಲಿ ಕಿರಿದು, ಅಂಚಿನ ಕಡೆಗೆ ಅಗಲ. ಒಂದು ಪದರ ಸೂಸಿದ ಬಿಸಿ ಮುಂದಿನ ಪದರಕ್ಕೆ ಬಡಿದು ಚಿಮ್ಮಿ ಅಂಚಿನಿಂದ ಹೊರಗೆ ಹಾರಿಹೋಗುತ್ತದೆ. ಸೂರ್ಯನ ಕಡೆಯ ಹಾಳೆ ನೀರು ಕುದಿಯುವ ಬಿಸಿಯ ಆಸುಪಾಸಿನಲ್ಲಿದ್ದರೆ, ಐದನೆಯ ಹಾಳೆಯ ಆಚೆ ಕನ್ನಡಿ ಇರುವ ಕಡೆ ಸುಮಾರು ಮೈನಸ್ 233 ಡಿಗ್ರಿ, ಅಂದರೆ 40 ಕೆಲ್ವಿನ್. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್2 ಎಂಬ ಜಾಗದ ಸುತ್ತ ಅದನ್ನು ಸುತ್ತಿಸುವುದೂ ಈ ಕೊಡೆಗಾಗಿಯೇ. ಅಲ್ಲಿಂದ ನೋಡಿದರೆ ಸೂರ್ಯ, ಭೂಮಿ, ಚಂದ್ರ ಮೂರೂ ಯಾವಾಗಲೂ ಒಂದೇ ಕಡೆ ಇರುತ್ತವೆ. ಒಂದೇ ಕೊಡೆ ಮೂರಕ್ಕೂ ಸಾಕು.

ಇದರಿಂದ ಎಷ್ಟು ಲಾಭ? ಸ್ವಲ್ಪ ಲೆಕ್ಕ ಹಾಕಿದೆ. 300 ಕೆಲ್ವಿನ್ ಬಿಸಿಯ ಕನ್ನಡಿ 10 ಮೈಕ್ರಾನ್‌ನಲ್ಲಿ ಸೂಸುವ ಬೆಳಕಿಗೆ ಹೋಲಿಸಿದರೆ 40 ಕೆಲ್ವಿನ್ ಕನ್ನಡಿ ಲಕ್ಷ ಕೋಟಿಯಲ್ಲಿ ಒಂದು ಪಾಲನ್ನೂ ಸೂಸುವುದಿಲ್ಲ. ಪೆಟ್ರೋಮ್ಯಾಕ್ಸ್ ಪೂರ್ತಿ ಆರಿತು.

ಕನ್ನಡಿ ತಣ್ಣಗಾದರೆ ಅರ್ಧ ಕೆಲಸ ಮುಗಿಯಿತು, ಸಂವೇದಕವೂ ತಣ್ಣಗಿರಬೇಕು. ವೆಬ್‌ನ ಸಮೀಪ ಅವಗೆಂಪು ಕ್ಯಾಮೆರಾ ನಿರ್ಕ್ಯಾಮ್ 0.6ರಿಂದ 5 ಮೈಕ್ರಾನ್‌ವರೆಗೆ ನೋಡುತ್ತದೆ. 1.1 ಮೈಕ್ರಾನ್ ಆಚೆಗೆ ಸಿಲಿಕಾನ್ ಕುರುಡು ಎಂದೆನಲ್ಲ, ಆದ್ದರಿಂದ ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಬೆರೆಸಿದ ಅರೆವಾಹಕವನ್ನು ಬಳಸಿದ್ದಾರೆ. ಈ ಬೆರಕೆಯ ಸೊಗಸೆಂದರೆ, ಪಾದರಸದ ಪಾಲನ್ನು ಹೆಚ್ಚು ಮಾಡಿದಷ್ಟೂ ಅದು ಇನ್ನೂ ಉದ್ದದ ತರಂಗಗಳನ್ನು ಹಿಡಿಯುತ್ತದೆ. ನಿರ್ಕ್ಯಾಮ್‌ನ ಹತ್ತು ಚಿಪ್ಪುಗಳಲ್ಲಿ ಎಂಟನ್ನು ಸುಮಾರು 2.5 ಮೈಕ್ರಾನ್‌ವರೆಗೂ ಎರಡನ್ನು 5 ಮೈಕ್ರಾನ್‌ವರೆಗೂ ಹೀಗೆಯೇ ಹದಮಾಡಿದ್ದಾರೆ. ಪ್ರತಿ ಚಿಪ್ಪಿನಲ್ಲೂ 2048ಕ್ಕೆ 2048, ಅಂದರೆ ಸುಮಾರು 42 ಲಕ್ಷ ಪಿಕ್ಸೆಲ್‌ಗಳು. ಬೆಳಕು ಹಿಡಿಯುವ ಪದರ ಒಂದು, ಎಣಿಸುವ ಸಿಲಿಕಾನ್ ಪದರ ಇನ್ನೊಂದು. ಇವೆರಡನ್ನೂ ಪ್ರತಿ ಪಿಕ್ಸೆಲ್‌ಗೆ ಒಂದರಂತೆ ಇಂಡಿಯಂ ಲೋಹದ ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿಗಳಿಂದ ಬೆಸೆಯುತ್ತಾರೆ. ಆದರೆ ಸುಲಭವಾಗಿ ಎಚ್ಚರಗೊಳ್ಳುವವನು ಇಲಿ ಓಡಿದರೂ ಎದ್ದು ಕೂರುತ್ತಾನೆ. ಅಲ್ಪ ಶಕ್ತಿಯ ಬೆಳಕಿಗೇ ಎಲೆಕ್ಟ್ರಾನ್ ಬಿಡುವ ಈ ವಸ್ತು ತನ್ನದೇ ಬಿಸಿಗೂ ಎಲೆಕ್ಟ್ರಾನ್ ಬಿಡುತ್ತದೆ. ಕೋಣೆಯ ಬಿಸಿಯಲ್ಲಿ ಪಿಕ್ಸೆಲ್‌ಗಳು ಕಣ್ಣು ಮಿಟುಕಿಸುವುದರೊಳಗೆ ಹುಸಿ ಎಲೆಕ್ಟ್ರಾನ್‌ಗಳಿಂದ ತುಂಬಿಹೋಗುತ್ತವೆ. 40 ಕೆಲ್ವಿನ್ ಬಳಿ ಒಂದು ಪಿಕ್ಸೆಲ್‌ನಲ್ಲಿ ಸೆಕೆಂಡಿಗೆ ಎಲೆಕ್ಟ್ರಾನೊಂದರ ಹತ್ತನೆಯ ಒಂದು ಪಾಲೂ ಹುಟ್ಟುವುದಿಲ್ಲ.

ಇನ್ನೂ ಉದ್ದದ, 5ರಿಂದ 28 ಮೈಕ್ರಾನ್‌ಗಳ ಬೆಳಕು ನೋಡುವ ಮಿರಿ ಎಂಬ ಉಪಕರಣಕ್ಕೆ 40 ಕೆಲ್ವಿನ್ ಕೂಡ ಸೆಕೆಯೇ. ಆರ್ಸೆನಿಕ್ ಬೆರೆಸಿದ ಸಿಲಿಕಾನ್‌ನ ಅದರ ಸಂವೇದಕ 7 ಕೆಲ್ವಿನ್‌ಗಿಂತ ಕೆಳಗಿರಬೇಕು. ಅಲ್ಲಿಗೆ ಕೊಡೆ ಸಾಲದು; ಹೀಲಿಯಂ ಅನಿಲ ಸುತ್ತುವ ಫ್ರಿಜ್ ಬೇಕು. ಕಂಪ್ರೆಸರ್ ಕೊಡೆಯ ಬಿಸಿ ಕಡೆಯಲ್ಲಿ, ತಂಪಾಗುವ ತುದಿ ಕೊಡೆಯ ಈಚೆ, ನಡುವೆ ಉದ್ದನೆಯ ಸಪೂರ ಕೊಳವೆ.

ಫ್ರಿಜ್ ಎಂದಾಗ ಹಿಂದಿನವರ ಪಾಡು ನೆನಪಾಗುತ್ತದೆ. ಮೊದಲಿನ ದೂರದರ್ಶಕಗಳು ತಂಪನ್ನು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವು. ಬುತ್ತಿ ಮುಗಿದರೆ ಪಯಣ ಮುಗಿಯಿತು. 1983ರ ಐರಾಸ್ ದ್ರವ ಹೀಲಿಯಂ ಮುಗಿಯುವವರೆಗೆ ಹತ್ತು ತಿಂಗಳು ದುಡಿದು, ಆಕಾಶದ ಶೇಕಡ 96ರಷ್ಟನ್ನು ಅಳೆಯಿತು. ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೆ 1997ರಲ್ಲಿ ಜೋಡಿಸಿದ ನಿಕ್‌ಮಾಸ್ ಕ್ಯಾಮೆರಾದಲ್ಲಿ ಘನ ಸಾರಜನಕದ ಗಟ್ಟಿ ಹಿಗ್ಗಿತು. ತಾಗಬಾರದ ಕಡೆ ತಾಗಿ, ನಾಲ್ಕು ವರ್ಷಕ್ಕೂ ಹೆಚ್ಚು ಬರಬೇಕಿದ್ದ ತಂಪು ಎರಡು ವರ್ಷಕ್ಕೇ ಸೋರಿಹೋಯಿತು. 2002ರಲ್ಲಿ ಗಗನಯಾತ್ರಿಗಳು ಹೋಗಿ ಯಾಂತ್ರಿಕ ಶೀತಕ ಜೋಡಿಸಿದ ಮೇಲೆ ಅದು ಮತ್ತೆ ಕಣ್ಣು ಬಿಟ್ಟಿತು. 1999ರ ವೈರ್ ದೂರದರ್ಶಕದ ಕಥೆ ಇನ್ನೂ ದುಃಖದ್ದು. ಉಡಾವಣೆಯಾದ ಕೂಡಲೇ ಅದರ ಮುಚ್ಚಳ ಹೊತ್ತಿಗೆ ಮೊದಲೇ ಹಾರಿಹೋಗಿ, ಘನ ಜಲಜನಕವೆಲ್ಲ ಕೆಲವೇ ದಿನಗಳಲ್ಲಿ ಆವಿಯಾಯಿತು. ಒಂದೇ ಒಂದು ಗೆಲಾಕ್ಸಿಯನ್ನೂ ಅದು ಅಧ್ಯಯನ ಮಾಡಲಿಲ್ಲ.

ನನಗೆ ಅಚ್ಚುಮೆಚ್ಚಿನದು ಸ್ಪಿಟ್ಜರ್ ದೂರದರ್ಶಕ. 2003ರಲ್ಲಿ ಹಾರಿತು, ಕನ್ನಡಿ ಬರೀ 85 ಸೆಂಟಿಮೀಟರ್. 2009ರ ಮೇ ತಿಂಗಳಲ್ಲಿ ಹೀಲಿಯಂ ಖಾಲಿಯಾಯಿತು. ಆದರೂ ಸೂರ್ಯನಿಗೆ ಬೆನ್ನು ಮಾಡಿ ಕೂರುತ್ತಿದ್ದುದರಿಂದ 30 ಕೆಲ್ವಿನ್ ಆಸುಪಾಸಿನಲ್ಲೇ ಉಳಿಯಿತು. (ಆ ಹಂತಕ್ಕೆ ‘ಬೆಚ್ಚಗಿನ ಸ್ಪಿಟ್ಜರ್’ ಎಂದು ಹೆಸರಿಟ್ಟರು. ಮೈನಸ್ 240 ಡಿಗ್ರಿಯನ್ನು ಬೆಚ್ಚಗೆ ಎನ್ನುವವರು ನಮ್ಮ ಕಸುಬಿನವರು ಮಾತ್ರ.) 3.6 ಮತ್ತು 4.5 ಮೈಕ್ರಾನ್‌ಗಳ ಎರಡು ಕಣ್ಣುಗಳಷ್ಟೇ ಉಳಿದವು. ಅವೆರಡನ್ನೇ ಇಟ್ಟುಕೊಂಡು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ದುಡಿದು, 2017ರಲ್ಲಿ ಟ್ರಾಪಿಸ್ಟ್-1 ನಕ್ಷತ್ರದ ಸುತ್ತ ಭೂಮಿಯಷ್ಟು ಗಾತ್ರದ ಏಳು ಗ್ರಹಗಳಿರುವುದನ್ನು ತೋರಿಸಲು ನೆರವಾಯಿತು. 2020ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು.

ಇಷ್ಟೆಲ್ಲ ಪಾಡುಪಟ್ಟು ಅವಗೆಂಪಿನಲ್ಲೇ ಯಾಕೆ ನೋಡಬೇಕು ಎಂದು ಮೊಮ್ಮಗಳು ಖಂಡಿತ ಕೇಳುತ್ತಾಳೆ. ಎರಡು ಕಾರಣ. ಒಂದು, ಧೂಳು. ನಕ್ಷತ್ರಗಳು ಹುಟ್ಟುವುದು ದಟ್ಟ ಧೂಳಿನ ಮೋಡಗಳ ಒಳಗೆ. ಆ ಧೂಳಿನ ಕಣಗಳು ಸಿಗರೇಟಿನ ಹೊಗೆಯ ಕಣಗಳಷ್ಟು ಸಣ್ಣವು, ತಮಗಿಂತ ಉದ್ದದ ತರಂಗಗಳನ್ನು ಅವು ಅಷ್ಟಾಗಿ ತಡೆಯಲಾರವು. ನಂದಿಬೆಟ್ಟದ ಮಂಜಿನಾಚೆಗೂ ಅವಗೆಂಪು ಕ್ಯಾಮೆರಾ ಹೀಗೇ ನೋಡುತ್ತದೆ ಎಂದು ಕೆಲವರು ಉದಾಹರಣೆ ಕೊಡುತ್ತಾರೆ; ಅದನ್ನು ನಂಬಬೇಡಿ. ಮಂಜಿನ ಹನಿ ಹತ್ತು ಮೈಕ್ರಾನ್ ಗಾತ್ರದ್ದು, ನಿರ್ಕ್ಯಾಮ್‌ನ ಬೆಳಕಿಗೆ ಅದು ಗೋಡೆಯೇ. ಸರಿಯಾದ ಉದಾಹರಣೆ ನಮ್ಮ ಊರಿನ ಸಂಜೆಯ ಸೂರ್ಯ: ಹೊಗೆ ಮತ್ತು ಧೂಳಿನ ನಡುವೆ ನೀಲಿ ಚದುರಿಹೋಗಿ ಕೆಂಪು ದಾಟಿ ಬರುತ್ತದೆ. ಅವಗೆಂಪು ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಅಷ್ಟೆ.

ಎರಡನೆಯದು, ವಿಶ್ವದ ಹಿಗ್ಗುವಿಕೆ. 2024ರಲ್ಲಿ ಪ್ರಕಟವಾದ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿಯ ಬೆಳಕು ಮಹಾಸ್ಫೋಟವಾದ ಸುಮಾರು 30 ಕೋಟಿ ವರ್ಷಗಳಿಗೇ ಹೊರಟದ್ದು. ದಾರಿಯುದ್ದಕ್ಕೂ ಆಕಾಶವೇ ಹಿಗ್ಗಿದ್ದರಿಂದ ಆ ಬೆಳಕಿನ ತರಂಗಗಳೂ ಹದಿನೈದು ಪಟ್ಟು ಹಿಗ್ಗಿವೆ. ಜಲಜನಕದ 0.1216 ಮೈಕ್ರಾನ್‌ನ ಅತಿನೇರಳೆ ಗುರುತು ನಮ್ಮನ್ನು ಮುಟ್ಟುವಾಗ 1.8 ಮೈಕ್ರಾನ್ ದಾಟಿದೆ. ಅದಕ್ಕಿಂತ ಗಿಡ್ಡ ತರಂಗಗಳನ್ನು ದಾರಿಯಲ್ಲಿನ ಜಲಜನಕವೇ ನುಂಗಿಬಿಟ್ಟಿದೆ. ಹಬಲ್‌ನ ಈಗಿನ ಅವಗೆಂಪು ಕ್ಯಾಮೆರಾದ ನೋಟ 1.7 ಮೈಕ್ರಾನ್‌ಗೆ ನಿಲ್ಲುತ್ತದೆ. ಎಷ್ಟು ದಿನ ಕಣ್ಣರಳಿಸಿ ಕೂತರೂ ಹಬಲ್‌ಗೆ ಆ ಗೆಲಾಕ್ಸಿ ಕಾಣುವುದಿಲ್ಲ.

ಇಷ್ಟು ಮಂದ ಬೆಳಕನ್ನು ಎಣಿಸುವ ರೀತಿಯೂ ಸ್ವಾರಸ್ಯಕರ. ಮಾಮೂಲಿ ಕ್ಯಾಮೆರಾದಲ್ಲಿ ಪಿಕ್ಸೆಲ್ ತುಂಬಿದ ಮೇಲೆ ಅದನ್ನು ಬರಿದು ಮಾಡಿ ಅಳೆಯುತ್ತಾರೆ. ಅವಗೆಂಪು ಚಿಪ್ಪಿನಲ್ಲಿ ಬಿಂದಿಗೆಯನ್ನು ಬಗ್ಗಿಸದೆಯೇ ಒಳಗಿನ ಮಟ್ಟವನ್ನು ಮತ್ತೆ ಮತ್ತೆ ಇಣುಕಿ ನೋಡಬಹುದು. ನಲ್ಲಿ ಹನಿಹನಿಯಾಗಿ ಸುರಿಯುತ್ತಿದ್ದರೆ ಮಟ್ಟ ಒಂದೇ ಸಮನೆ ಏರಬೇಕು; ಆ ಏರಿಕೆಯ ವೇಗವೇ ನಕ್ಷತ್ರದ ಪ್ರಕಾಶ. ನಡುವೆ ಮಟ್ಟ ಒಮ್ಮೆಲೇ ಜಿಗಿದರೆ, ಕಥೆಯ ಕಾಗೆ ಬಂದು ಕಲ್ಲು ಹಾಕಿತೆಂದು ತಿಳಿಯಬೇಕು. ಇಲ್ಲಿ ಕಾಗೆಯೆಂದರೆ ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬಂದು ಬಡಿಯುವ ಕಣ. ಆ ಜಿಗಿತವನ್ನು ಕಳೆದು, ಹಿಂದಿನ ಮತ್ತು ಮುಂದಿನ ಏರಿಕೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಬಣ್ಣದ ವಿಷಯ. ನಿರ್ಕ್ಯಾಮ್ ತೆಗೆಯುವುದೆಲ್ಲ ಕಪ್ಪುಬಿಳುಪು ಚಿತ್ರಗಳನ್ನೇ, ಒಂದೊಂದು ಶೋಧಕದ (ಫಿಲ್ಟರ್) ಮೂಲಕ ಒಂದೊಂದು. ಆಮೇಲೆ ಗಿಡ್ಡ ತರಂಗದ ಚಿತ್ರಕ್ಕೆ ನೀಲಿ, ಉದ್ದ ತರಂಗದ್ದಕ್ಕೆ ಕೆಂಪು ಕೊಟ್ಟು ಬೆರೆಸುತ್ತಾರೆ. ಸುಳ್ಳೇ? ನನ್ನ ಮಟ್ಟಿಗೆ ಅಲ್ಲ. ಒಂದು ಕಟ್ಟೆ ಶ್ರುತಿಯ ಗಾಯಕರ ಕೃತಿಯನ್ನು ಐದು ಕಟ್ಟೆಯಲ್ಲಿ ಗಾಯಕಿಯೊಬ್ಬರು ಹಾಡಿದರೆ ಅದು ಬೇರೆ ರಾಗವಾಗುವುದಿಲ್ಲ. ಸ್ವರಗಳ ಕ್ರಮ ಉಳಿದಿದೆ, ಕಿವಿಗೆ ನಿಲುಕುವ ಕಡೆಗೆ ಸ್ಥಾಯಿ ಸರಿದಿದೆ. ಹಾಗೆಂದು ಚಿತ್ರದಲ್ಲಿರುವ ನೀಹಾರಿಕೆಯ (ಅನಿಲ, ಧೂಳಿನ ಮೋಡದ) ಪಕ್ಕ ಹೋಗಿ ನಿಂತರೆ ಅದೇ ಬಣ್ಣ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಸುಳ್ಳು.

ಇದೆಲ್ಲ ದೂರದವರ ಸಂಗತಿ ಎಂದುಕೊಳ್ಳಬೇಡಿ. ಚಂದ್ರಯಾನ-2ರ ಕಕ್ಷೆಗಾಮಿಯಲ್ಲಿ 0.8ರಿಂದ 5 ಮೈಕ್ರಾನ್‌ವರೆಗೆ ನೋಡುವ ಅವಗೆಂಪು ರೋಹಿತಮಾಪಕವೊಂದಿದೆ (ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಉಪಕರಣ). ಚಂದ್ರನ ಮಣ್ಣಿನಲ್ಲಿ ನೀರಿನ ಸುಳಿವು ಹುಡುಕುವುದು ಅದರ ಕೆಲಸ. ಅದರ ಸಂವೇದಕಕ್ಕೂ ಶೀತಕ ಬೇಕೇ ಬೇಕು. ಆ ನೌಕೆಯ ಸಂಕೇತಗಳನ್ನು ಹಿಡಿಯುವ ದೊಡ್ಡ ತಟ್ಟೆಗಳು ನಿಮ್ಮ ಮನೆಯಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಬ್ಯಾಲಾಳುವಿನಲ್ಲಿವೆ. ಹೊಸಕೋಟೆಯ ಬಳಿಯ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕೂತು, ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅದರಲ್ಲೂ ಸಮೀಪ ಅವಗೆಂಪು ಉಪಕರಣವಿದೆ. ಹಾನ್ಲೆಯೇ ಏಕೆಂದರೆ, ಅವಗೆಂಪನ್ನು ನುಂಗುವ ನೀರಾವಿ ಅಲ್ಲಿ, 4,500 ಮೀಟರ್ ಎತ್ತರದ ಒಣ ಹವೆಯಲ್ಲಿ, ತೀರಾ ಕಡಿಮೆ.

ಇನ್ನು ತಾರಸಿಯ ದೂರದರ್ಶಕ. ಸಿಸಿಟಿವಿ ಕ್ಯಾಮೆರಾವನ್ನು ಧಾರಾಳವಾಗಿ ಜೋಡಿಸಬಹುದು, ಮಸೂರ ಬಿಚ್ಚಲು ಬರುವಂತಿದ್ದರೆ. ಅದನ್ನು ಬಿಚ್ಚಿ, ಚಿಪ್ಪು ಸರಿಯಾಗಿ ನೇತ್ರಮಸೂರದ ಜಾಗಕ್ಕೆ ಬರುವಂತೆ ಪಿವಿಸಿ ಕೊಳವೆಯ ತುಂಡಿನಿಂದ ಹಿಡಿಕೆ ಮಾಡಿಕೊಳ್ಳಿ. ಚಂದ್ರ ಚೆನ್ನಾಗಿ ಕಾಣುತ್ತಾನೆ. ಗುರು, ಶನಿಯೂ ಸಿಗುತ್ತವೆ. ಆರ್ದ್ರಾ ನಕ್ಷತ್ರ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಪ್ರಕಾಶವಾಗಿ ಕಾಣುವುದನ್ನು ಮೊಮ್ಮಗಳಿಗೆ ತೋರಿಸಿ, ಪಕ್ಕದ ನೀಲಿ ನಕ್ಷತ್ರಗಳ ಜೊತೆ ಹೋಲಿಸಲು ಹೇಳಿ. ತಣ್ಣಗಿನ ಕೆಂಪು ದೈತ್ಯ ತನ್ನ ಬೆಳಕಿನ ಬಹುಪಾಲನ್ನು ಅವಗೆಂಪಿನಲ್ಲೇ ಸೂಸುತ್ತದೆ. ಯಾವ ಕಾರಣಕ್ಕೂ ಸೂರ್ಯನ ಕಡೆ ತಿರುಗಿಸಬೇಡಿ. ಕತ್ತಲಾದೊಡನೆ ಆ ಎಲ್‌ಇಡಿ ಉಂಗುರ ತಾನಾಗಿ ಹೊತ್ತಿಕೊಳ್ಳುತ್ತದೆ. ಕೊಳವೆಯೊಳಗೆಲ್ಲ ಅದರದೇ ಬೆಳಕು ತುಂಬಿ ಚಿತ್ರ ಬೆಳ್ಳಗಾಗುತ್ತದೆ. ಮೊದಲು ಅದರ ತಂತಿ ಕಳಚಿಸಿ, ಆಗದಿದ್ದರೆ ಮೇಲೆ ಎರಡು ಸುತ್ತು ಕಪ್ಪು ಟೇಪ್ ಅಂಟಿಸಿ.